ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಲಿಂಕರ್ ಎರರ್: ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ಕ್ಯೂಟಿ (ಕಿಟಕಿ, ಬಟನ್‌ಗಳಿಗಾಗಿ ಬಳಸುವ ಸಿ++ ಲೈಬ್ರರಿ) ಬಳಸುವ ಫೋಟೊ ಎಡಿಟರ್ ಒಂದನ್ನು ಉಬುಂಟುವಿನಲ್ಲಿ ಸಿಮೇಕ್ (ಬಿಲ್ಡ್ ಸಿದ್ಧಪಡಿಸುವ ಸಾಧನ) ಮೂಲಕ ಬಿಲ್ಡ್ ಮಾಡುತ್ತಿದ್ದೇನೆ. ಫೈಲುಗಳೆಲ್ಲ ಕಂಪೈಲ್ ಆಗುತ್ತವೆ, ಕೊನೆಗೆ ಅವನ್ನು ಲೈಬ್ರರಿಗಳ ಜೊತೆ ಜೋಡಿಸುವ ಲಿಂಕ್ ಹಂತದಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕರೆದದ್ದು ಎಲ್ಲೂ ಸಿಗಲಿಲ್ಲ) ಪುಟಗಟ್ಟಲೆ ಬರುತ್ತದೆ. ಲೈಬ್ರರಿಗಳು ಇನ್‌ಸ್ಟಾಲ್ ಆಗಿವೆ. ಅನುಭವಿಗಳು ದಾರಿ ತೋರಿಸಿ.

— ‘ಕಲೆಕ್ಟ್2’ ಎಂದು ಶುರುವಾಗುವ ಕೊನೆಯ ಸಾಲನ್ನು ಬಿಡಿ, ಅದರಲ್ಲಿ ಏನೂ ಇಲ್ಲ. ಮೊದಲ ಎರರ್ ಬೇಕು. ‘ಮೇಕ್ ವರ್ಬೋಸ್=1’ ಎಂದು ಒಂದೇ ಜಾಬ್‌ನಲ್ಲಿ, ಅಂದರೆ ಒಮ್ಮೆಗೆ ಒಂದೇ ಕೆಲಸದಂತೆ, ಓಡಿಸಿ (ವರ್ಬೋಸ್ ದೊಡ್ಡಕ್ಷರದಲ್ಲಿ); ಲಿಂಕರ್‌ಗೆ ಹೋದ ಇಡೀ ಕಮಾಂಡ್ ಕಾಣುತ್ತದೆ. ಸಿಗದ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್‌ನ ಹೆಸರು) ಯಾವ ಲೈಬ್ರರಿಯದ್ದೋ ಅದರ ಹೆಸರು ಆ ಸಾಲಿನಲ್ಲಿ ಇಲ್ಲವಾದರೆ ತಪ್ಪು ಸಿಮೇಕ್ ಫೈಲಿನದು.

— ಹೆಸರಿದ್ದೂ ಎರರ್ ಬಂದರೆ ಎರಡು ಪ್ರತಿಗಳ ಗೊಂದಲ ಇರಬಹುದು. ಹಿಂದೆಂದೋ ಯುಎಸ್‌ಆರ್-ಲೋಕಲ್ ಫೋಲ್ಡರಿಗೆ ಹಾಕಿದ ಹಳೆಯ ಲೈಬ್ರರಿ ಒಂದು, ಪ್ಯಾಕೇಜಿನ ಹೊಸದು ಇನ್ನೊಂದು. ಹೆಡರ್ (ಫಂಕ್ಷನ್‌ಗಳ ಘೋಷಣೆ ಇರುವ ಫೈಲ್) ಹೊಸದರಿಂದ, ಲೈಬ್ರರಿ ಹಳೆಯದರಿಂದ ಬಂದರೆ ಕಂಪೈಲ್ ಸಲೀಸು, ಲಿಂಕ್ ಢಮಾರ್. ಸಿಂಬಲ್‌ಗಳ ಪಟ್ಟಿ ಕೊಡುವ ಎನ್‌ಎಂ ಕಮಾಂಡನ್ನು ದೊಡ್ಡಕ್ಷರದ ಡಿ, ಸಿ ಆಯ್ಕೆಗಳೊಂದಿಗೆ ಆ ಲೈಬ್ರರಿಯ ಮೇಲೆ ಓಡಿಸಿ ಸಿಂಬಲ್ ಹುಡುಕಿ. ಸಾಲಿನಲ್ಲಿ ‘ಟಿ’ ಇದ್ದರೆ ಫಂಕ್ಷನ್ ಅಲ್ಲಿದೆ, ‘ಯು’ ಇದ್ದರೆ ಅದಕ್ಕೂ ಬೇರೆ ಕಡೆಯಿಂದ ಬೇಕು. ಹಳೆಯದನ್ನು ತೆಗೆದ ಮೇಲೆ ಬಿಲ್ಡ್ ಫೋಲ್ಡರನ್ನೂ ಅಳಿಸಿ. ಸಿಮೇಕ್ ಕ್ಯಾಶ್ ಒಮ್ಮೆ ಸಿಕ್ಕ ದಾರಿಯನ್ನೇ ಹಿಡಿದುಕೊಂಡಿರುತ್ತದೆ.

— ಸಿಂಬಲ್‌ನ ಹೆಸರನ್ನೇ ಓದಿ, ಅರ್ಧ ಉತ್ತರ ಅಲ್ಲೇ ಇರುತ್ತದೆ. ‘ವಿಟೇಬಲ್ ಫಾರ್’ ಎಂದಿದ್ದರೆ ಹೆಚ್ಚಾಗಿ ಕ್ಯೂಟಿಯ ಮಾಕ್ (ಹೆಡರ್ ಓದಿ ಹೆಚ್ಚುವರಿ ಕೋಡ್ ಬರೆಯುವ ಸಾಧನ) ಆ ಕ್ಲಾಸಿನ ಮೇಲೆ ಓಡಿರುವುದಿಲ್ಲ. ಮಾಕನ್ನು ತಾನಾಗಿ ಓಡಿಸುವ ಸಿಮೇಕ್‌ನ ಆಟೊಮಾಕ್ ಆನ್ ಇದ್ದರೂ ಹೆಡರ್ ಬೇರೆ ಫೋಲ್ಡರಿನಲ್ಲಿದ್ದರೆ ಅದಕ್ಕೆ ಕಾಣುವುದಿಲ್ಲ. ಟಾರ್ಗೆಟ್‌ನ ಸೋರ್ಸ್ ಪಟ್ಟಿಗೆ ಆ ಹೆಡರನ್ನೂ ಸೇರಿಸಬೇಕು. ‘ಸಿಎಕ್ಸ್‌ಎಕ್ಸ್11’ ಕಂಡರೆ ಎಬಿಐ (ಕಂಪೈಲ್ ಆದ ಕೋಡುಗಳು ಪರಸ್ಪರ ಹೊಂದುವ ರೀತಿ) ಜಗಳ: ಜಿಸಿಸಿ ಕಂಪೈಲರಿನ 5ನೇ ಆವೃತ್ತಿಯಲ್ಲಿ ಸ್ಟ್ರಿಂಗ್‌ನ ಒಳರಚನೆ ಬದಲಾಯಿತು. ಎಬಿಐ ಮ್ಯಾಕ್ರೊವನ್ನು 0 ಮಾಡಿ ಎನ್ನುವವರಿದ್ದಾರೆ, ಮಾಡಬೇಡಿ. ಎಕ್ಸಿವ್2ನಂತಹ (ಫೋಟೊದ ಮೆಟಾಡೇಟಾ ಓದುವಂಥದ್ದು) ಉಳಿದ ಸಿ++ ಲೈಬ್ರರಿಗಳು ಹೊಸ ಎಬಿಐಯಲ್ಲೇ ಇರುವುದರಿಂದ ಎರರ್ ಅಲ್ಲಿಗೆ ದಾಟುತ್ತದೆ, ಅಷ್ಟೇ. ಹಳೆಯ ಲೈಬ್ರರಿಯನ್ನೇ ಅದೇ ಕಂಪೈಲರಿನಲ್ಲಿ ಮತ್ತೆ ಬಿಲ್ಡ್ ಮಾಡಿ.

— ‘ಡಿಎಸ್‌ಒ ಮಿಸಿಂಗ್ ಫ್ರಂ ಕಮಾಂಡ್ ಲೈನ್’ (ಡಿಎಸ್‌ಒ ಅಂದರೆ ಶೇರ್ಡ್ ಲೈಬ್ರರಿ) ಬಂದರೆ ಸುಲಭ: ಆ ಸಾಲಿನಲ್ಲೇ ಲೈಬ್ರರಿಯ ಹೆಸರಿರುತ್ತದೆ, ಟಾರ್ಗೆಟ್‌ಗೆ ನೇರವಾಗಿ ಸೇರಿಸಿ.

— ಸ್ಟ್ಯಾಟಿಕ್ ಲೈಬ್ರರಿ (ಪ್ರೋಗ್ರಾಮಿನೊಳಗೇ ಸೇರಿಕೊಳ್ಳುವಂಥದ್ದು) ಇದ್ದರೆ ಕ್ರಮವೂ ಮುಖ್ಯ. ಎಲ್‌ಡಿ, ಅಂದರೆ ಲಿಂಕರ್, ಎಡದಿಂದ ಬಲಕ್ಕೆ ಓದುತ್ತದೆ, ಆ ಹೊತ್ತಿಗೆ ಬೇಕಾದದ್ದನ್ನಷ್ಟೇ ಎತ್ತಿಕೊಳ್ಳುತ್ತದೆ. ಕೇಳುವ ಫೈಲ್ ಮೊದಲು, ಕೊಡುವ ಲೈಬ್ರರಿ ಆಮೇಲೆ.

— ಹಳೆಯ ಸಿ ಪ್ರಾಜೆಕ್ಟುಗಳಲ್ಲಿ ‘ಮಲ್ಟಿಪಲ್ ಡೆಫಿನಿಷನ್’ ಬಂದರೆ ಜಿಸಿಸಿ 10ರ ಬದಲಾವಣೆ (ಒಂದೇ ಗ್ಲೋಬಲ್ ವೇರಿಯಬಲ್ ಹಲವು ಫೈಲುಗಳಲ್ಲಿ ಇರುವುದನ್ನು ತಾನಾಗಿ ಒಪ್ಪದಿರುವುದು) ಕಾರಣವಿರಬಹುದು. ‘ಎಫ್‌ಕಾಮನ್’ ಫ್ಲ್ಯಾಗ್ ಹಾಕಿದರೆ ಸದ್ಯಕ್ಕೆ ದಾಟುತ್ತದೆ. ಇನ್ನು, ಸಿಗ್ನಲ್ 9ರಿಂದ ಎಲ್‌ಡಿ ಸತ್ತರೆ ಮೊದಲು ಮೆಮೊರಿ ನೋಡಿ. ಜಾಬ್ ಕಡಿಮೆ ಮಾಡಿ ಅಥವಾ ಸ್ವಾಪ್ ಹೆಚ್ಚಿಸಿ.