ಬಸರಾದ ದಂಡಿಗೆ ಹೋಗಿ ಸೆರೆಯಲ್ಲಿ ತೀರಿಕೊಂಡ ಮುತ್ತಜ್ಜನ ದಾಖಲೆ ಹುಡುಕುವುದು ಹೇಗೆ?

ಪ್ರಶ್ನೆ (ಸವಣೂರು ತಾಲ್ಲೂಕು, ಹಾವೇರಿ ಜಿಲ್ಲೆ)

ಮಾನ್ಯರೇ, ನಮ್ಮ ಅಜ್ಜನ ತಂದೆಯವರು ಮೊದಲನೆಯ ಮಹಾಯುದ್ಧದಲ್ಲಿ ಮರಾಠಾ ಪಲ್ಟಣ ಸೇರಿ ಬಸರಾದ (ಇಂದಿನ ಇರಾಕ್) ದಂಡಿಗೆ ಹೋದರೆಂದೂ, ತುರ್ಕರ ಕೈಗೆ ಸೆರೆಸಿಕ್ಕು ಅಲ್ಲಿಯೇ ತೀರಿಕೊಂಡರೆಂದೂ ಮನೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ದೇವರ ಜಗಲಿಯ ಮೇಲೆ ಒಬ್ಬ ಸ್ತ್ರೀ ಮತ್ತು ಸಿಂಹದ ಚಿತ್ರವಿರುವ ಕಂಚಿನ ದೊಡ್ಡ ಬಿಲ್ಲೆಯೊಂದೂ ಅರಸನ ಮುಖವಿರುವ ಬೆಳ್ಳಿಯ ಪದಕವೊಂದೂ ಇವೆ. ಬಿಲ್ಲೆಯ ಮೇಲೆ ಇಂಗ್ಲಿಷಿನಲ್ಲಿ ಹೆಸರಷ್ಟೇ ಇದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ (ಯುದ್ಧದಲ್ಲಿ ಮಡಿದವರ ಗೋರಿ, ಸ್ಮಾರಕಗಳನ್ನು ನೋಡಿಕೊಳ್ಳುವ ಸಂಸ್ಥೆ) ಜಾಲತಾಣದಲ್ಲಿ ಆ ಹೆಸರನ್ನೂ ‘ಮರಾಠಾ ಲೈಟ್ ಇನ್‌ಫಂಟ್ರಿ’ ಎಂಬುದನ್ನೂ ಹಾಕಿ ಹುಡುಕಿದರೆ ನಮ್ಮ ಊರಿನವರು ಯಾರೂ ಸಿಗುವುದಿಲ್ಲ. ಪುಣೆಯ ಖಡಕಿ ಸ್ಮಾರಕದ ಪಟ್ಟಿಯಲ್ಲಿಯೂ ಅವರಿಲ್ಲ. ಮುಂದೆ ಎಲ್ಲಿ ನೋಡಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಧಾರವಾಡ)

ತಮ್ಮ ಮನೆಯ ಹಿರಿಯರ ಮಾತು ನಂಬುವಂಥದ್ದೆಂದೇ ನನಗೆ ತೋರುತ್ತದೆ. ಮರಾಠಾ ಪಲ್ಟಣ, ಬಸರಾ, ತುರ್ಕರ ಸೆರೆ, ಈ ಮೂರೂ ಒಟ್ಟಿಗೆ ಬಂದರೆ ಮೊದಲು ನೆನಪಾಗುವುದು ಇಂದಿನ ಇರಾಕಿನ ಕುತ್-ಅಲ್-ಅಮಾರಾ ಎಂಬ ಊರು. 1915ರ ಡಿಸೆಂಬರಿನಿಂದ ಅಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದ್ದ ಬ್ರಿಟಿಷ್ ಜನರಲ್ ಟೌನ್‌ಶೆಂಡರ ಸೈನ್ಯವು ಕಾಳುಕಡಿ ತೀರಿ 1916ರ ಏಪ್ರಿಲ್ 29ರಂದು ಶರಣಾಯಿತು. ಸೆರೆಯಾದ ಸುಮಾರು 13,000 ಜನರಲ್ಲಿ ಹೆಚ್ಚಿನವರು ಭಾರತೀಯರಾಗಿದ್ದು, 103, 110 ಮತ್ತು 117ನೆಯ ಮರಾಠಾ ಪಲ್ಟಣಗಳೂ ಅವರಲ್ಲಿದ್ದವು. ಈ ಪಲ್ಟಣಗಳು 1922ರಲ್ಲಿ ಒಂದೇ ರೆಜಿಮೆಂಟಿನೊಳಗೆ ಸೇರಿದವು. ಅದಕ್ಕೂ ಮೊದಲು ತೀರಿಕೊಂಡವರು ಹಳೆಯ ಸಂಖ್ಯೆಗಳ ಕೆಳಗೇ ನಮೂದಾಗಿದ್ದಾರೆ. ಆದ್ದರಿಂದ ಇಂದಿನ ಹೆಸರಿನಿಂದ ಹುಡುಕಿದರೆ ದಾರಿ ಅಲ್ಲಿಯೇ ಕಟ್ಟುತ್ತದೆ.

ಖಡಕಿಯ ಮೊದಲ ಯುದ್ಧದ ಸ್ಮಾರಕವು ಭಾರತದ ನೆಲದಲ್ಲಿಯೇ ಮಡಿದವರದು. ಸೆರೆಯಾಳುಗಳನ್ನು ಕುತ್‌ನಿಂದ ಬಾಗ್ದಾದಿಗೂ, ಅಲ್ಲಿಂದ ಸಮಾರಾ, ತಿಕ್ರಿತ್, ಮೊಸುಲ್ ದಾಟಿಸಿ ಮರುಭೂಮಿಯಲ್ಲಿ ಕಾಲ್ನಡಿಗೆಯಿಂದ ರಾಸ್-ಅಲ್-ಐನ್‌ವರೆಗೂ ಒಯ್ದರು. ಅಲ್ಲಿ ಅನೇಕ ಭಾರತೀಯರಿಂದ ಬಾಗ್ದಾದ್ ರೈಲುಮಾರ್ಗದ ಕೆಲಸ ಮಾಡಿಸಿದರು. ಹಸಿವು, ಭೇದಿ, ಬಿಸಿಲುಗಳಿಂದ ದಾರಿಯುದ್ದಕ್ಕೂ ಜನ ಬಿದ್ದರು. ಅಂಥವರಿಗೆ ಗುರುತಿಸಬಹುದಾದ ಗೋರಿ ಸಿಗುವ ಸಂಭವ ಬಹಳ ಕಡಿಮೆ. ಗೋರಿ ತಿಳಿಯದ 40,000ಕ್ಕೂ ಹೆಚ್ಚು ಜನರಿಗಾಗಿ ಬಸರಾ ಸ್ಮಾರಕವಿದೆ. ಆದರೆ ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಕೆತ್ತಿದ ಆ ಕಲ್ಲಿನ ಮೇಲೆ ನಮ್ಮ ಸಿಪಾಯಿಗಳನ್ನು ಪಲ್ಟಣವಾರು ಎಣಿಕೆಯಾಗಿ ಮಾತ್ರ ಬರೆದರು, ಮತ್ತು ಈ ಅನ್ಯಾಯವನ್ನು ಕಮಿಷನ್ ತಾನೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ಸ್ಮಾರಕದ ಫೋಟೋಗಳಲ್ಲಿ ಹೆಸರು ಕಾಣಲಿಲ್ಲವೆಂದು ತಾವು ನಿರಾಶರಾಗಬೇಕಿಲ್ಲ. ಕಮಿಷನ್ನಿನ ಜಾಲತಾಣದ ದಾಖಲೆಯಲ್ಲಿ ಸಿಪಾಯಿಯ ಹೆಸರು, ಪಲ್ಟಣದ ನಂಬರು, ಎಷ್ಟೋ ಸಲ ತಂದೆಯ ಹೆಸರು ಮತ್ತು ಊರು ಕೂಡ ಇರುತ್ತವೆ.

ಈಗ ಮಾಡಬೇಕಾದ ಮುಖ್ಯ ಕೆಲಸವೆಂದರೆ ಬೆಳ್ಳಿಯ ಪದಕದ ಅಂಚನ್ನು ನೋಡುವುದು. ಕಂಚಿನ ಬಿಲ್ಲೆಯನ್ನು ಮಡಿದವರ ಮನೆಗೆ ಕಳಿಸುತ್ತಿದ್ದರು. ಅದರಲ್ಲಿ ಹುದ್ದೆ, ಪಲ್ಟಣ ಏನನ್ನೂ ಬರೆಯುತ್ತಿರಲಿಲ್ಲ. ಪದಕದ ಮುಖದ ಮೇಲಲ್ಲ, ದುಂಡನೆಯ ಅಂಚಿನಲ್ಲಿ, ನಂಬರು, ಹುದ್ದೆ, ಹೆಸರು ಮತ್ತು ಪಲ್ಟಣವನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಪ್ರತಿ ದಸರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಮನೆಗಳಲ್ಲಿ ಈ ಅಕ್ಷರಗಳು ಸವೆದುಹೋಗುತ್ತವೆ. ಇನ್ನು ಮುಂದೆ ದಯವಿಟ್ಟು ತಿಕ್ಕಬೇಡಿರಿ. ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಪದಕವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಫೋಟೋ ತೆಗೆಯಿರಿ.

ಉತ್ತರ (ಗದಗ)

ಧಾರವಾಡದವರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ ಇದೆ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದರಿಂದ ಯಲ್ಲಪ್ಪ ಎಂಬ ಹೆಸರು ವೈ ಅಕ್ಷರದಿಂದಲೂ ಇ ಅಕ್ಷರದಿಂದಲೂ ಆರಂಭವಾಗಬಹುದು, ಕೊನೆಯ ‘ಪ್ಪ’ದಲ್ಲಿ ಒಂದೇ ಪಿ ಇರಬಹುದು. ಧಾರವಾಡವನ್ನು ಆಗ ಡಿ ಬದಲು ಆರ್ ಅಕ್ಷರದಿಂದ ಮುಗಿಸುತ್ತಿದ್ದರು. ಸವಣೂರು ಆಗ ನವಾಬರ ಸಂಸ್ಥಾನ, ಕುಂದಗೋಳ ಜಮಖಂಡಿಗೆ, ಶಿರಹಟ್ಟಿ ಸಾಂಗಲಿಗೆ ಸೇರಿದ್ದವು. ಇಂದಿನ ಜಿಲ್ಲೆಯ ಹೆಸರಿನಿಂದ ಊರು ಸಿಗುವುದೇ ಇಲ್ಲ.

ಹೆಸರು ಹೀಗೆ ನಂಬಲಾಗದಾಗ ಆಧಾರವಾಗುವುದು ತಂದೆಯ ಹೆಸರು, ಮತ್ತು ಅದನ್ನು ತಿಳಿಯಲು ನಮ್ಮ ಭಾಗದಲ್ಲಿ ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವ ಹೆಳವರಿಗಿಂತ ಒಳ್ಳೆಯ ಮೂಲವಿಲ್ಲ. ತಮ್ಮ ಮನೆತನಕ್ಕೆ ನಡೆದುಕೊಳ್ಳುವ ಹೆಳವರಿದ್ದರೆ ಮುತ್ತಜ್ಜನ ತಂದೆ ಯಾರು, ಅಣ್ಣತಮ್ಮಂದಿರು ಯಾರು ಎಂದು ಅವರ ಹೊತ್ತಿಗೆಯಿಂದ ಓದಿಸಿ ಬರೆದುಕೊಳ್ಳಿರಿ. ಉತ್ತರ ಅವರ ಬಾಯಿಂದಲೇ ಬರಲಿ, ನಾವು ಹೆಸರು ಸೂಚಿಸಬಾರದು. ಸೂಚಿಸಿದರೆ ಸಾಕ್ಷಿಯ ಬೆಲೆ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು

ತಮ್ಮಿಬ್ಬರಿಗೂ ಅನಂತ ಧನ್ಯವಾದಗಳು. ಅಂಚಿನಲ್ಲಿ ನಂಬರಿನ ಕೊನೆಯ ಅಂಕಿಗಳೂ 117 ಎಂಬ ಪಲ್ಟಣದ ಸಂಖ್ಯೆಯೂ ಓದಲು ಬಂದವು. ಆ ಪಲ್ಟಣದವರನ್ನು ಒಬ್ಬೊಬ್ಬರಾಗಿ ನೋಡುತ್ತ ಹೋದಾಗ, ಹೆಳವರು ಓದಿದ ತಂದೆಯ ಹೆಸರೂ ನಮ್ಮ ಊರೂ ಇರುವ ದಾಖಲೆ ಬಸರಾ ಸ್ಮಾರಕದಡಿ ಸಿಕ್ಕಿತು. ಅದನ್ನು ಓದಿ ಕೇಳಿಸಿದಾಗ ನಮ್ಮ ತಂದೆಯವರು ಬಹಳ ಹೊತ್ತು ಅತ್ತರು. ಮರಣದ ದಿನಾಂಕ 1916ರ ಆಗಸ್ಟಿನದು. ಇಷ್ಟರಿಂದ ಅವರು ಸೆರೆಯಲ್ಲಿಯೇ ತೀರಿಕೊಂಡರೆಂದು ಹೇಳಬಹುದೇ? ಹೆಸರಿನ ತಪ್ಪು ಅಕ್ಷರವನ್ನು ತಿದ್ದಿಸಬಹುದೇ?

ಉತ್ತರ (ಧಾರವಾಡ)

ಓದಿ ಬಹಳ ಸಂತೋಷವಾಯಿತು. ಶರಣಾಗತಿಯ ನಂತರದ ದಿನಾಂಕ ಬಲವಾದ ಸೂಚನೆ, ಆದರೆ ಪೂರ್ಣ ಸಾಕ್ಷಿಯಲ್ಲ. ಅದೇ ಪಲ್ಟಣದವರಾಗಿ ಮುತ್ತಿಗೆಯ ಹೊರಗೆ ಉಳಿದಿದ್ದವರೂ ಇರಬಹುದು, ಮತ್ತು ಸೆರೆಯಲ್ಲಿ ಸತ್ತವರ ದಿನಾಂಕಗಳನ್ನು ಎಷ್ಟೋ ಸಲ ಊಹಿಸಿ ಬರೆದದ್ದೂ ಉಂಟು. ಜಿನೀವಾದ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯು ಮೊದಲ ಯುದ್ಧದ ಸೆರೆಯಾಳುಗಳ ಚೀಟಿಗಳನ್ನೂ ಪಟ್ಟಿಗಳನ್ನೂ 2014ರಲ್ಲಿ ಅಂತರಜಾಲಕ್ಕೆ ತಂದಿದೆ, ನೋಡಲು ಹಣ ಕೊಡಬೇಕಿಲ್ಲ. ಅಲ್ಲಿ 117ನೆಯ ಪಲ್ಟಣದ ಹಾಳೆಗಳನ್ನು ಹುಡುಕಿರಿ. ಹೆಸರಿಗಿಂತ ನಂಬರನ್ನೇ ಹಿಡಿದುಕೊಂಡು ಹೋಗುವುದು ಒಳ್ಳೆಯದು. ಬೆಳಗಾವಿಯ ಮರಾಠಾ ರೆಜಿಮೆಂಟಲ್ ಸೆಂಟರಿಗೂ ನಂಬರು, ತಂದೆಯ ಹೆಸರು, ಊರು ಬರೆದು ಒಂದು ವಿನಂತಿಪತ್ರ ಕಳಿಸಿರಿ.

ತಿದ್ದುಪಡಿಗೆ ಕಮಿಷನ್ನಿಗೆ ಬರೆಯಬಹುದು. ಬಿಲ್ಲೆಯ ಹೆಸರು ಮತ್ತು ಪದಕದ ಅಂಚಿನ ಸ್ಪಷ್ಟ ಫೋಟೋಗಳನ್ನು ಮೊದಲು ಇಡಿರಿ, ಹೆಳವರ ಹೊತ್ತಿಗೆಯ ಪ್ರತಿಯನ್ನು ಅವುಗಳ ಜೊತೆಗೆ ಸೇರಿಸಿರಿ. ಆ ಕಾಲದ ಲಿಖಿತ ದಾಖಲೆಗೆ ಹೆಚ್ಚು ತೂಕವಿರುತ್ತದೆ. ಮೂಲ ಪದಕವನ್ನು ಮಾತ್ರ ಯಾರು ಕೇಳಿದರೂ ಅಂಚೆಯಲ್ಲಿ ಕಳಿಸಬೇಡಿರಿ.