ರಿಂಗ್ ರೋಡ್ ಹೊಗೆ, ಮಗಳ ಉಬ್ಬಸ: ನೀವೇನು ಮಾಡ್ತೀರಿ?

ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕದಲ್ಲೇ ನಮ್ಮ ಮನೆ. ಐದು ವರ್ಷದ ಮಗಳಿಗೆ ಉಬ್ಬಸ. ಸ್ಕೂಟರ್‌ನಲ್ಲಿ ಶಾಲೆಗೆ ಬಿಡುತ್ತೇನೆ. ಈಗೀಗ ರಾತ್ರಿ ಕೆಮ್ಮು ಜಾಸ್ತಿ. ಮಾಸ್ಕ್ ಹಾಕಿದರೆ ಸಾಕಾ? ಮನೆ ಬದಲಿಸುವುದು ಸದ್ಯಕ್ಕೆ ಆಗದ ಮಾತು.

ಉತ್ತರ: ಮೊದಲು ದಾರಿ ಬದಲಿಸಿ ಮೇಡಂ. ದೊಡ್ಡ ರಸ್ತೆಯಿಂದ ಇನ್ನೂರು ಮುನ್ನೂರು ಮೀಟರ್ ಒಳಗೆ ಹೋದರೆ ವಾಹನದ ಹೊಗೆ ಎಷ್ಟೋ ಕಡಿಮೆ. ನಾವು ಒಳಗಿನ ಕ್ರಾಸ್‌ಗಳಲ್ಲೇ ಹೋಗುತ್ತೇವೆ. ಸ್ವಲ್ಪ ಸುತ್ತು, ಆದರೆ ಸಿಗ್ನಲ್‌ನಲ್ಲಿ ನಿಲ್ಲುವುದು ತಪ್ಪುತ್ತದೆ. ಮಗುವನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರೆ ದಯವಿಟ್ಟು ಬಿಡಿ. ಟೆಂಪೋ ಹಿಂದೆ ನಿಂತಾಗ ಸೈಲೆನ್ಸರ್ ಹೊಗೆ ನೇರ ಮಗುವಿನ ಮುಖಕ್ಕೇ ಬಡಿಯುತ್ತದೆ. ಮಕ್ಕಳು ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ ಬೇರೆ.

ಬಟ್ಟೆ ಮಾಸ್ಕ್ ನಂಬಬೇಡಿ. ಹೊಗೆಯಲ್ಲಿರುವ ಪಿಎಂ 2.5 ಎಂಬ ಅತಿ ಸಣ್ಣ ಕಣ ಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು ಅಷ್ಟೇ. ಎನ್95 ಅದನ್ನು ತಡೆಯುತ್ತದೆ, ಆದರೆ ಪುಟ್ಟ ಮುಖಕ್ಕೆ ಸರಿಯಾಗಿ ಕೂರಬೇಕಲ್ವಾ? ಕೆನ್ನೆ ಪಕ್ಕ ಸಂದಿ ಬಿಟ್ಟರೆ ಸುಮ್ನೆ ಹಾಕಿದ ಹಾಗೆ. ಉಬ್ಬಸ ಕೆರಳಿಸುವ ನೈಟ್ರೋಜನ್ ಡೈಆಕ್ಸೈಡ್ ಅನಿಲವಂತೂ ಎನ್95ನಲ್ಲೂ ನುಸುಳುತ್ತದೆ.

ಇನ್ನೊಬ್ಬರು: ರಾತ್ರಿ ಕೆಮ್ಮು ಹೆಚ್ಚಾಗಿದೆ ಅಂದಿರಿ. ಉಬ್ಬಸ ಹತೋಟಿಯಲ್ಲಿಲ್ಲ ಅಂತ ಅರ್ಥ, ಡಾಕ್ಟರಿಗೆ ಬೇಗ ತೋರಿಸಿ. ದಿನಾ ತೆಗೆದುಕೊಳ್ಳುವ ಇನ್ಹೇಲರ್ ಕೊಟ್ಟಿದ್ದರೆ ಕೆಮ್ಮು ನಿಂತಿತೆಂದು ನೀವಾಗಿಯೇ ನಿಲ್ಲಿಸಬೇಡಿ. ನಮ್ಮ ಅತ್ತೆ 'ಚಟ ಆಗಿಬಿಡುತ್ತೆ' ಎಂದು ಹೆದರುತ್ತಿದ್ದರು. ಹಾಗೇನೂ ಆಗುವುದಿಲ್ಲ. ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಹಾಕಿ ಕೊಡಿ, ಆಮೇಲೆ ಮಗಳಿಗೆ ಬಾಯಿ ಮುಕ್ಕಳಿಸಲು ಹೇಳಿ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದುಕೊಂಡರೆ, ಮಾತಾಡಲು ಆಗದಷ್ಟು ಏದುಸಿರಿದ್ದರೆ, ತುಟಿ ನೀಲಿಯಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಿ.

ಮತ್ತೊಬ್ಬರು: ಬೆಳಿಗ್ಗೆ, ಸಂಜೆ ಟ್ರಾಫಿಕ್ ಹೊತ್ತಿನಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ, ಮಧ್ಯಾಹ್ನ ತೆಗೆಯಿರಿ. ಮೊಬೈಲ್‌ನಲ್ಲಿ ಗಾಳಿ 'ತೃಪ್ತಿಕರ' ಎಂದು ಬಂದರೆ ನಿಶ್ಚಿಂತೆ ಬೇಡ. ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಬರೀ 5!

ಶಾಲೆ ಗೇಟನ್ನೂ ನೋಡಿ. ನಮ್ಮಲ್ಲಿ ವ್ಯಾನ್‌ಗಳು ಎಂಜಿನ್ ಆಫ್ ಮಾಡದೆ ಸಾಲಾಗಿ ನಿಲ್ಲುತ್ತಿದ್ದವು, ಮಕ್ಕಳು ಆ ಹೊಗೆಯಲ್ಲೇ ನಡೆದು ಬರಬೇಕಿತ್ತು. ಒಬ್ಬಳೇ ಹೇಳಿದಾಗ ಯಾರೂ ಕೇಳಲಿಲ್ಲ. ತಾಯಂದಿರೆಲ್ಲ ಸೇರಿ ಹೆಡ್‌ಮಿಸ್ ಹತ್ತಿರ ಹೋದೆವು. ಈಗ ವ್ಯಾನ್ ನಿಲ್ಲುವುದು ಹಿಂದಿನ ರಸ್ತೆಯಲ್ಲಿ, ಎಂಜಿನ್ ಆಫ್ ಮಾಡಿ. ನಿಮ್ಮ ಶಾಲೆಯಲ್ಲೂ ಕೇಳಿ ನೋಡಿ.