ಕೈರೋದ ‘ಮಝ್ಬೂತ್’ ಮತ್ತು ನಮ್ಮ ‘ಮಜಬೂತು’

ಎಲ್ಲರಿಗೂ ನಮಸ್ಕಾರ.

ನನ್ನ ಪ್ರಶ್ನೆ ಹುಟ್ಟಿದ್ದು ಒಂದು ಕಪ್ಪು ಕಾಫಿಯಿಂದ. ಹಾಗಾಗಿ ಮೊದಲು ಆ ಕಾಫಿಯ ವಿಷಯ ಹೇಳಿಬಿಡುತ್ತೇನೆ.

ಹೋದ ಚಳಿಗಾಲದಲ್ಲಿ ಅಕ್ಕ, ಭಾವನ ಜೊತೆ ಈಜಿಪ್ಟಿಗೆ ಹೋಗಿದ್ದೆ. ಹೊರಡುವ ಎರಡು ತಿಂಗಳ ಮೊದಲೇ ಅಲ್ಲಿನ ಆಡುಮಾತು ಒಂದಿಷ್ಟು ಕಲಿಯೋಣ ಅಂತ ಕೂತೆ. ಪುಸ್ತಕದ ಅರಬ್ಬಿ ಅಲ್ಲ, ಕೈರೋದ ಬೀದಿಯ ಅರಬ್ಬಿ. ನಮ್ಮ ಪಕ್ಕದ ಮನೆಯವರು ಭಟ್ಕಳದವರು, ಬಹಳ ವರ್ಷ ಕುವೈತಿನಲ್ಲಿ ದುಡಿದು ಬಂದವರು. ಅವರನ್ನು ಕೇಳಿದೆ. ‘ಹೇಗಿದ್ದೀಯ’ ಅನ್ನುವುದಕ್ಕೆ ‘ಶ್ಲೋನಕ್’, ‘ಇಲ್ಲ’ ಅನ್ನುವುದಕ್ಕೆ ‘ಮಾಫಿ’ ಅಂತ ಹೇಳಿಕೊಟ್ಟರು. ಆಮೇಲೆ ಬೆಂಗಳೂರಿಗೆ ಓದಲು ಬಂದಿದ್ದ ಕೈರೋದ ಹುಡುಗನೊಬ್ಬ ಸಿಕ್ಕಿದ. ಅವನ ಊರಲ್ಲಿ ಅದೇ ಮಾತುಗಳು ‘ಇಝ್ಝಯ್ಯಕ್’ ಮತ್ತು ‘ಮಫೀಶ್’. ಹೆಂಗಸರನ್ನು ಕೇಳುವಾಗ ‘ಇಝ್ಝಯ್ಯಿಕ್’ ಆಗುತ್ತದೆ. ಬೀದರಿನ ಮಾತು ಕಲಿತು ಕುಂದಾಪುರದ ಸಂತೆಗೆ ಹೋದರೆ ಹೇಗೋ, ಕೊಲ್ಲಿಯ ಅರಬ್ಬಿ ಕಲಿತು ಕೈರೋಗೆ ಹೋದರೂ ಹಾಗೆ. ಜನ ಅರ್ಥ ಮಾಡಿಕೊಳ್ಳುತ್ತಾರೆ, ಆದರೆ ಮಾತು ಸಲೀಸಾಗಿ ಓಡುವುದಿಲ್ಲ.

ಇನ್ನು ಕಾಫಿ. ಎರಡನೇ ದಿನ ಸಂಜೆ ಖಾನ್ ಅಲ್ ಖಲೀಲಿ ಬಜಾರಿನಲ್ಲಿ ಒಂದು ಹಳೆಯ ಕಾಫಿ ಅಂಗಡಿಗೆ ಹೋದೆವು. ಅಲ್ಲಿ ಕಾಫಿಗೂ ‘ಅಹ್ವಾ’, ಕಾಫಿ ಅಂಗಡಿಗೂ ‘ಅಹ್ವಾ’. ನಾನು ಬಾಯಿಪಾಠ ಮಾಡಿದ್ದ ಮಾತನ್ನು ಹೇಳಿದೆ: ‘ಆಯಿಝ್ ಅಹ್ವಾ, ಲೌ ಸಮಹ್ತ್.’ ಅಂದರೆ, ಒಂದು ಕಾಫಿ ಬೇಕಿತ್ತು, ದಯವಿಟ್ಟು. ತಂದುಕೊಡುವವರು ಹಿರಿಯರು. ಅವರು ತಿರುಗಿ ಕೇಳಿದರು: ‘ಸುಕ್ಕರಕ್ ಏಹ್?’ ಸಕ್ಕರೆ ಅನ್ನುವುದು ಕಿವಿಗೆ ಬಿತ್ತು. ನಾನು ಸುಮ್ನೆ ನೋಡುತ್ತಾ ನಿಂತಿದ್ದಕ್ಕೆ ಅವರೇ ನಿಧಾನವಾಗಿ ಬಿಡಿಸಿ ಹೇಳಿದರು: ‘ಸಾದಾ? ಮಝ್ಬೂತ್? ಝಿಯಾದಾ?’

ಸಾದಾ ಗೊತ್ತಾಯಿತು. ಮಜಬೂತು ಗೊತ್ತಾಯಿತು. ನಾನು ಮೂಡಿಗೆರೆ ಕಡೆಯವನು, ಗಟ್ಟಿ ಡಿಕಾಕ್ಷನ್ ಕುಡಿದು ಬೆಳೆದವನು. ಮಜಬೂತಾದ ಕಾಫಿ ಅಂದರೆ ಅದೇ ಅಲ್ವಾ ಅಂದುಕೊಂಡು ‘ಮಝ್ಬೂತ್’ ಅಂದೆ. ಅವರು ‘ಹಾದಿರ್’ ಅಂತ ಹೇಳಿ ಹೋದರು. ಬಂದ ಕಾಫಿ ಹದವಾಗಿ ಸಿಹಿಯಾಗಿತ್ತು.

ಆ ಮೂರೂ ಪದ ಸಕ್ಕರೆಯ ಅಳತೆಯವು. ಸಾದಾ ಅಂದರೆ ಸಕ್ಕರೆ ಇಲ್ಲದ್ದು. ಮಝ್ಬೂತ್ ಅಂದರೆ ಸಕ್ಕರೆ ಹದವಾಗಿ, ಸರಿಯಾಗಿ ಇರುವುದು. ಝಿಯಾದಾ ಅಂದರೆ ಸಕ್ಕರೆ ಜಾಸ್ತಿ. ಕಾಫಿಯ ಗಟ್ಟಿತನಕ್ಕೂ ಈ ಪದಕ್ಕೂ ಸಂಬಂಧವೇ ಇಲ್ಲ. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಪುಡಿ, ಸಕ್ಕರೆ, ನೀರು ಎಲ್ಲವನ್ನೂ ಒಟ್ಟಿಗೆ ಹಾಕಿ ಕಾಯಿಸುವುದರಿಂದ ಸಕ್ಕರೆ ಎಷ್ಟು ಅಂತ ಮೊದಲೇ ಕೇಳಲೇಬೇಕು. ಆ ಪಾತ್ರೆಯ ಹೆಸರು ‘ಕನಕಾ’. ನಮ್ಮ ಕನಕಕ್ಕೂ ಅದಕ್ಕೂ ನಂಟಿಲ್ಲ, ಆದರೂ ಆ ಹೆಸರು ಕೇಳಿ ಅಕ್ಕನಿಗೆ ಬಹಳ ಖುಷಿಯಾಯಿತು. ಮೇಲೆ ನಿಲ್ಲುವ ನೊರೆಗೆ ‘ವಿಶ್’ ಅನ್ನುತ್ತಾರೆ. ಅಂದರೆ ಮುಖ. ನೊರೆ ಇಲ್ಲದ ಕಾಫಿ ಅವರಿಗೆ ಮುಖವಿಲ್ಲದ ಕಾಫಿ.

ಊರಿಗೆ ಬಂದ ಮೇಲೆ ಈ ಪದಗಳ ಹಿಂದೆ ಬಿದ್ದೆ. ‘ಸಾದಾ’ ಪಾರಸಿ ಪದ. ಒಂದು ಕಡೆ ಅವರಿಗೂ ಹೋಗಿದೆ, ಇನ್ನೊಂದು ಕಡೆ ನಮಗೂ ಬಂದಿದೆ. ‘ಝಿಯಾದಾ’ ಅರಬ್ಬಿ. ಅದು ಪಾರಸಿಯಲ್ಲಿ ‘ಝಿಯಾದತಿ’ ಆಗಿ, ಮರಾಠಿಯ ‘ಜಾಸ್ತಿ’ ಆಗಿ, ನಮ್ಮ ಜಾಸ್ತಿ ಆಗಿದೆ. ದಿನಕ್ಕೆ ಹತ್ತು ಸಲ ಆಡುವ ಪದ, ಎದುರಿಗೆ ನಿಂತು ಒಬ್ಬರು ಹೇಳಿದರೂ ನಾನು ಗುರುತು ಹಿಡಿಯಲಿಲ್ಲ. ‘ಸುಕ್ಕರ್’ ಮಾತ್ರ ಉಲ್ಟಾ ದಾರಿಯದು. ನಮ್ಮ ಕಡೆಯ ಶರ್ಕರಾ ಪಾರಸಿಗೆ ಹೋಗಿ ಶಕರ್ ಆಗಿ, ಅಲ್ಲಿಂದ ಅರಬ್ಬಿಗೆ ಸುಕ್ಕರ್ ಆಗಿ ಹೋದದ್ದು.

ಮಜಬೂತು ಇವೆಲ್ಲಕ್ಕಿಂತ ಸ್ವಾರಸ್ಯದ್ದು. ಅರಬ್ಬಿಯ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಈ ಪದದ ಬೇರಿಗೆ ಬಿಗಿಯಾಗಿ ಹಿಡಿ, ಹತೋಟಿಯಲ್ಲಿಡು ಅನ್ನುವ ಅರ್ಥ. ‘ಹಿಡಿದಿಟ್ಟದ್ದು’ ಅನ್ನುವ ರೂಪವೇ ಮಝ್ಬೂತ್. ಬಿಗಿಯಾಗಿ ಹಿಡಿದದ್ದು ಅಲುಗಾಡುವುದಿಲ್ಲ, ಹಾಗಾಗಿ ನಮಗೆ ಅದು ಗಟ್ಟಿಮುಟ್ಟು ಆಯಿತು. ಹತೋಟಿಯಲ್ಲಿಟ್ಟ ಅಳತೆ ತಪ್ಪುವುದಿಲ್ಲ, ಹಾಗಾಗಿ ಕೈರೋದಲ್ಲಿ ಅದು ‘ಸರಿಯಾದದ್ದು’ ಆಯಿತು. ಅಲ್ಲಿ ಗಡಿಯಾರವೂ ಮಝ್ಬೂತ್ ಇರಬಹುದು, ಲೆಕ್ಕವೂ ಮಝ್ಬೂತ್ ಇರಬಹುದು. ‘ಕರೆಕ್ಟಾಗಿ’ ಅನ್ನುವುದಕ್ಕೆ ‘ಬಿಝ್ಝಬ್ತ್’ ಅನ್ನುತ್ತಾರೆ. ಪೊಲೀಸ್ ಅಧಿಕಾರಿ ‘ಝಾಬಿತ್’. ನಮ್ಮ ‘ಜಪ್ತಿ’ ಕೂಡ ಇದೇ ಬೇರಿನದು. ಸಾಲಗಾರನ ಮನೆ ಜಪ್ತಿ ಆಗುವುದೂ, ಕೈರೋದ ಕಾಫಿಗೆ ಹದವಾಗಿ ಸಕ್ಕರೆ ಬೀಳುವುದೂ ಒಂದೇ ಪದದ ಮಕ್ಕಳು ಅನ್ನುವುದು ಗೊತ್ತಾದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಆ ಹಿರಿಯರು ಹೇಳಿದ ‘ಹಾದಿರ್’ ಕೂಡ ನಮ್ಮದೇ. ಆಗಲಿ, ಈಗಲೇ ತಂದೆ ಅನ್ನುವುದಕ್ಕೆ ಅಲ್ಲಿ ಹಾಗೆ ಹೇಳುತ್ತಾರೆ. ಪಾರಸಿಯವರ ಬಾಯಲ್ಲಿ ಆ ನಡುವಿನ ದ ಝ ಆಗುತ್ತದೆ. ಅಲ್ಲಿಂದ ನಮಗೆ ಬಂದದ್ದು ಹಾಜರು. ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದರೆ ‘ಹಾಜರ್ ಸಾರ್’ ಅಂತಿದ್ದೆವಲ್ಲ, ಅದೇ. ದೊಡ್ಡವರನ್ನು ‘ತಾವು’ ಅನ್ನುವುದಕ್ಕೆ ಅಲ್ಲಿ ಬಳಸುವ ‘ಹದ್ರಿತಕ್’ ಕೂಡ ಅದೇ ಬೇರಿನದು. ತಮ್ಮ ಸನ್ನಿಧಿ ಅಂದ ಹಾಗೆ. ಕೈರೋಗೆ ಹೋಗುವವರು ಬೇರೇನು ಕಲಿಯದಿದ್ದರೂ ಇದೊಂದನ್ನು ಕಲಿಯಿರಿ. ವಯಸ್ಸಾದವರ ಹತ್ತಿರ ಇದನ್ನು ಬಳಸಿದರೆ ಮುಖ ಅರಳುತ್ತದೆ.

ಇಷ್ಟೆಲ್ಲ ನೆಂಟರಿದ್ದರೂ ಅವರು ಯಾಕೆ ಗುರುತು ಸಿಗುವುದಿಲ್ಲ? ಎರಡು ಸದ್ದುಗಳಿಂದ. ಪುಸ್ತಕದ ಅರಬ್ಬಿಯಲ್ಲಿ ಗಂಟಲಾಳದ ‘ಕ’ ಒಂದಿದೆ. ಕೈರೋದವರು ಅದನ್ನು ಬಹುಮಟ್ಟಿಗೆ ನುಂಗಿಬಿಡುತ್ತಾರೆ, ಅದರ ಜಾಗದಲ್ಲಿ ಉಸಿರು ಒಂದು ಕ್ಷಣ ತಡೆಯುತ್ತದೆ ಅಷ್ಟೆ. ಕಹ್ವಾ ಅಹ್ವಾ ಆದದ್ದು ಹೀಗೆ. ಅದೇ ಕಹ್ವಾ ತುರ್ಕಿ, ಡಚ್ಚು, ಇಂಗ್ಲಿಷ್ ಸುತ್ತಿಕೊಂಡು ನಮಗೆ ಕಾಫಿ ಆಗಿ ಬಂದಿದೆ. ಬಾಬಾಬುಡನ್ ಯೆಮೆನಿನಿಂದ ಏಳು ಬೀಜ ತಂದರು ಅನ್ನುವ ಕಥೆ ಕೇಳುತ್ತಾ ಬೆಳೆದ ನಮಗೆ ಬೀಜ ಒಂದು ದಾರಿಯಲ್ಲಿ, ಹೆಸರು ಇನ್ನೊಂದು ದಾರಿಯಲ್ಲಿ ಬಂತು.

ಟ್ಯಾಕ್ಸಿಯಲ್ಲಿ ಇಳಿಯುವಾಗ ಭಾವ ದೊಡ್ಡ ನೋಟು ಕೊಟ್ಟರು. ಚಾಲಕ ಚಿಲ್ಲರೆ ಎಣಿಸಿ ಕೈಗಿಡುತ್ತಾ ‘ಇಲ್-ಬಾಇ’ ಅಂದ. ಉಳಿದದ್ದು ಅಂತ. ಆ ನುಂಗಿದ ‘ಕ’ವನ್ನು ವಾಪಸ್ ಇಟ್ಟು ನೋಡಿ: ಬಾಕಿ! ನಮ್ಮಲ್ಲಿ ಬಾಕಿ ಅಂದರೆ ಕೊಡಬೇಕಾದದ್ದೂ ಹೌದು, ಉಳಿದದ್ದೂ ಹೌದು. ಚಿಲ್ಲರೆ ನೀವೇ ಇಟ್ಟುಕೊಳ್ಳಿ ಅನ್ನುವುದಕ್ಕೆ ‘ಖಲ್ಲಿ ಇಲ್-ಬಾಇ’ ಅಂದರೆ ಸಾಕು.

ಇನ್ನೊಂದು ಸದ್ದು ಜ. ಕೈರೋದಲ್ಲಿ ಅದು ಗ. ಹಾಗಾಗಿ ಜವಾಬು ಅಲ್ಲಿ ‘ಗವಾಬ್’. ಆದರೆ ಅರ್ಥ ಉತ್ತರ ಅಲ್ಲ, ಅಂಚೆಯಲ್ಲಿ ಬರುವ ಕಾಗದ. ಸವಾಲು ಅಲ್ಲಿ ‘ಸುಆಲ್’, ಪ್ರಶ್ನೆ. ನಮ್ಮಲ್ಲಿ ಸವಾಲು ಪಂಥಾಹ್ವಾನ ಆಗಿಬಿಟ್ಟಿದೆ. ಆದರೂ ಕೋರ್ಟಿನ ಪಾಟೀಸವಾಲಿನಲ್ಲಿ, ಲಾವಣಿಯ ಸವಾಲ್-ಜವಾಬಿನಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿ ಕಲಬುರ್ಗಿ ರಾಜಧಾನಿಯಾದ ಕಾಲದಿಂದ ಟಿಪ್ಪುವಿನ ಕಾಲದವರೆಗೆ, ದರಬಾರು, ಕಂದಾಯ, ದಂಡಿನ ಮೂಲಕ ಈ ಪದಗಳು ಬಂದು ಸೇರುತ್ತಲೇ ಇದ್ದವು. ನಾವು ಅವನ್ನು ನಮ್ಮ ಹದಕ್ಕೆ ತಿರುಗಿಸಿಕೊಂಡೆವು.

ಈಗ ನಿಮ್ಮನ್ನು ಕೇಳಬೇಕಾದದ್ದು. ನಿಮ್ಮ ಕಡೆ ಎಲ್ಲಾದರೂ ‘ಮಜಬೂತು’ ಅಂದರೆ ಗಟ್ಟಿ ಅನ್ನುವುದರ ಜೊತೆಗೆ ‘ಅಳತೆಗೆ ಸರಿಯಾಗಿ ಕೂತದ್ದು’ ಅನ್ನುವ ಅರ್ಥವೂ ಇದೆಯಾ? ಬಡಗಿಗಳು, ದರ್ಜಿಗಳು, ಕಮ್ಮಾರರು ಆಡುವ ಮಾತಿನಲ್ಲಿ ಇರಬಹುದು ಅನ್ನುವುದು ನನ್ನ ಊಹೆ. ಬಾಗಿಲ ಚೌಕಟ್ಟು ಮಜಬೂತಾಗಿ ಕೂತಿದೆ ಅನ್ನುವಾಗ ಎರಡೂ ಅರ್ಥ ಸೇರಿಕೊಂಡ ಹಾಗೆ ನನಗೆ ಕೇಳಿಸುತ್ತದೆ. ವಿಜಯಪುರ, ಕಲಬುರ್ಗಿ, ಬೀದರ ಕಡೆಯವರು ದಯವಿಟ್ಟು ಹೇಳಿ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆದರೆ ಇನ್ನೂ ಒಳ್ಳೆಯದು. ವಾಕ್ಯದ ಸಮೇತ ಬರೆಯಿರಿ.

ಎರಡನೆಯದು ಬರವಣಿಗೆಯ ತೊಡಕು. ಮುಂದಿನ ಸಲ ಹೋಗುವ ನಮ್ಮ ನೆಂಟರಿಗೆ ಕನ್ನಡ ಲಿಪಿಯಲ್ಲಿ ಒಂದು ಪುಟ್ಟ ಪಟ್ಟಿ ಮಾಡುತ್ತಿದ್ದೇನೆ. ಝ, ಫ಼ ಹೇಗೋ ಆಗುತ್ತದೆ. ಗಂಟಲಲ್ಲಿ ಉಸಿರು ತಡೆಯುವ ಸದ್ದಿಗೆ, ಗಂಟಲನ್ನು ಬಿಗಿ ಮಾಡಿ ಹೇಳುವ ‘ಐನ್’ ಅಕ್ಷರಕ್ಕೆ, ಕನ್ನಡಕ ಒರೆಸುವಾಗ ಊದುತ್ತೇವಲ್ಲ ಅಂಥ ಒತ್ತಿ ಹೇಳುವ ಹಕಾರಕ್ಕೆ ಏನು ಮಾಡೋಣ? ಅಲ್ಲಿನ ಹುಡುಗರು ಮೊಬೈಲಿನಲ್ಲಿ ರೋಮನ್ ಲಿಪಿಯಲ್ಲಿ ಬರೆಯುವಾಗ ಇವಕ್ಕೆ 2, 3, 7 ಅಂತ ಅಂಕಿ ಹಾಕುತ್ತಾರೆ. ನಾನೂ ‘ಬಾ2ಇ’ ಅಂತ ಬರೆದು ನೋಡಿದೆ. ಅಕ್ಕ ಅದನ್ನು ‘ಬಾ ಎರಡು ಇ’ ಅಂತ ಓದಿದಳು. ಇದಕ್ಕಿಂತ ಒಳ್ಳೆಯ ಗುರುತು ಯಾರಾದರೂ ಬಳಸಿದ್ದರೆ ತಿಳಿಸಿ.

ಕೊನೆಯದಾಗಿ ‘ಮಾಲೇಶ್’. ‘ಅದರ ಮೇಲೆ ಏನೂ ಇಲ್ಲ’ ಅನ್ನುವ ಮಾತು ಸವೆದು ಹೀಗಾಗಿದೆ. ನಾನು ಇದನ್ನು ಪಟ್ಟಿಯಲ್ಲಿ ‘ಪರವಾಗಿಲ್ಲ’ ಅಂತ ಬರೆದಿದ್ದೆ. ಆದರೆ ಮೆಟ್ರೋದ ನೂಕುನುಗ್ಗಲಿನಲ್ಲಿ ಒಬ್ಬರು ನನ್ನ ಕಾಲು ತುಳಿದರು. ತುಳಿದವರು ‘ಮಾಲೇಶ್’ ಅಂದರು. ನಾನೂ ‘ಮಾಲೇಶ್’ ಅಂದೆ. ಅವರದ್ದು ಕ್ಷಮೆ ಕೇಳಿದ್ದು, ನನ್ನದು ಕ್ಷಮಿಸಿದ್ದು. ಕನ್ನಡದಲ್ಲಿ ತುಳಿದವರು ‘ಪರವಾಗಿಲ್ಲ’ ಅಂದರೆ ಜಗಳ ಆಗುತ್ತದೆ. ಇಬ್ಬರೂ ಹೇಳಬಹುದಾದ ಒಂದೇ ಮಾತು ನಿಮ್ಮ ಊರಿನ ಕನ್ನಡದಲ್ಲಿ ಇದೆಯಾ?